ಅಲ್ಪ ವೆಚ್ಚದ ಗಣಕಯಂತ್ರಕ್ಕೆ ತಕ್ಕ ಮದರ್‌ಬೋರ್ಡು

ಹುಲಿಕೆರೆಯಂತಹ ಗ್ರಾಮದ ಶಾಲೆಗೆ ಗಣಕಯಂತ್ರ ಕೊಳ್ಳುವಾಗ ದಾನಿಗಳು ದುಡಿದು ಕೊಟ್ಟ ಹಣ ಪೋಲಾಗಬಾರದು. ಅಗ್ಗದ ಪ್ರೊಸೆಸರನ್ನು ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ದುಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಇದರ ಸಾಫಲ್ಯವು ಬಹುಮಟ್ಟಿಗೆ ಮದರ್‌ಬೋರ್ಡನ್ನು ಅವಲಂಬಿಸಿದೆ.

ಮೊದಲನೆಯದಾಗಿ, ಬೋರ್ಡಿನ ಚಿಪ್‌ಸೆಟ್ಟು ಇದಕ್ಕೆ ಅವಕಾಶವೀಯಬೇಕು. ಎ.ಎಂ.ಡಿ. ಸಂಸ್ಥೆಯ ರೈಜನ್ ಪ್ರೊಸೆಸರುಗಳಿಗಾಗಿ 2020ರಲ್ಲಿ ಬಂದ ಎ520 ಅವಕಾಶ ಕೊಡದು. ಅದೇ ವರ್ಷದ ಬಿ550 ಕೊಡುತ್ತದೆ. ಇಂಟೆಲ್ ಸಂಸ್ಥೆಯದಾದರೆ ಸಾಮಾನ್ಯವಾಗಿ ‘ಕೆ’ ಅಕ್ಷರವುಳ್ಳ ಪ್ರೊಸೆಸರೂ ‘ಝಡ್’ ಶ್ರೇಣಿಯ ಬೋರ್ಡೂ ಬೇಕಾಗಿ ವೆಚ್ಚವು ಹೆಚ್ಚುವುದು.

ಎರಡನೆಯದು ವಿದ್ಯುತ್ ಪೂರೈಕೆ. ವೋಲ್ಟೇಜನ್ನು ಶೇಕಡ 10ರಷ್ಟು ಏರಿಸಿದರೆ, ವೇಗವು ಮೊದಲಿನಷ್ಟೇ ಇದ್ದರೂ, ಪ್ರೊಸೆಸರು ಬಳಸುವ ವಿದ್ಯುತ್ತು ಸುಮಾರು ಶೇಕಡ 21ರಷ್ಟು ಏರುತ್ತದೆ. ಈ ಭಾರವನ್ನು ಹೊರುವ ವೋಲ್ಟೇಜು ನಿಯಂತ್ರಕಗಳ ಮೇಲೆ ಶಾಖವನ್ನು ಹೊರಚೆಲ್ಲುವ ಲೋಹದ ಹೀಟ್‌ಸಿಂಕು ಇರಬೇಕು. ಇಲ್ಲವಾದರೆ ಬೋರ್ಡು ಕಾದು, ಪ್ರೊಸೆಸರಿನ ವೇಗವು ತಾನಾಗಿಯೇ ತಗ್ಗಬಹುದು. ಪಟ್ಟ ಶ್ರಮವೆಲ್ಲ ವ್ಯರ್ಥ.

ಆದುದರಿಂದ ಬಣ್ಣದ ದೀಪಗಳಿಗೆ ಮರುಳಾಗದೆ ಈ ಎರಡು ಗುಣಗಳನ್ನು ನೋಡಿ ಕೊಳ್ಳುವುದು ಯುಕ್ತ. ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸದು. ಮಕ್ಕಳು ನಿತ್ಯ ಬಳಸುವ ಯಂತ್ರಗಳನ್ನು ಮೂಲ ವೇಗದಲ್ಲಿಯೇ ಉಳಿಸಿ, ಪ್ರಯೋಗಕ್ಕೆಂದು ಒಂದನ್ನು ಮಾತ್ರ ಮೀಸಲಿಡುವುದು ಲೇಸು. ದಾಸೋಹದ ಹಣಕ್ಕೆ ಸಲ್ಲಿಸಬೇಕಾದ ಗೌರವವೂ ಅದೇ.