ಗೋಡೆ ಸಂಘದ್ದು, ಪಾಲು ನಮ್ಮದು

ಮುಂಬಯಿಯಲ್ಲಿ ಸ್ವಂತ ಮನೆ ಇದೆ ಎಂದರೆ ಊರಿನಲ್ಲಿ ಹುಬ್ಬೇರಿಸುವವರೇ ಹೆಚ್ಚು. ಆದರೆ ಆ ನಗರದ ಹಳೆಯ ಸಹಕಾರಿ ವಸತಿ ಕಟ್ಟಡಗಳಲ್ಲಿ ‘ಸ್ವಂತ’ ಎಂಬ ಮಾತಿಗೆ ಬೇರೆಯದೇ ಅರ್ಥವಿದೆ. ಅಲ್ಲಿ ಗೋಡೆ, ಮೆಟ್ಟಿಲು, ಛಾವಣಿ ಎಲ್ಲವೂ ಸಂಘದ್ದು. ನಿವಾಸಿಯ ಬಳಿ ಇರುವುದು ಒಂದು ಶೇರು ಪತ್ರ, ಅದರ ಬಲದ ಮೇಲೆ ದೊರೆತ ಬೀಗದ ಕೈ.

ಈ ಏರ್ಪಾಡಿನ ಬೇರು ಹುಡುಕುತ್ತ ಹೋದರೆ ನಮ್ಮ ಕರಾವಳಿಯೇ ಸಿಗುತ್ತದೆ. ಶಿರಾಲಿಯ ಚಿತ್ರಾಪುರ ಮಠದ ಶಿಷ್ಯವರ್ಗವಾದ ಸಾರಸ್ವತರು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್ ಕಲಿತು, ನೌಕರಿ ಅರಸಿ ಮುಂಬಯಿ ಸೇರತೊಡಗಿದ್ದರು. 1896ರಲ್ಲಿ ಕಾಣಿಸಿಕೊಂಡ ಪ್ಲೇಗ್, ಇಕ್ಕಟ್ಟಾದ ಕೋಣೆಗಳ ವಾಸ ಎಷ್ಟು ಅಪಾಯಕಾರಿ ಎಂಬುದನ್ನು ತೋರಿಸಿಕೊಟ್ಟಿತ್ತು. ಆದರೆ ಒಬ್ಬ ಗುಮಾಸ್ತನ ಸಂಬಳದಲ್ಲಿ ಒಳ್ಳೆಯ ಮನೆ ಎಲ್ಲಿಂದ ಬರಬೇಕು?

ಇದಕ್ಕೆ ದಾರಿ ತೋರಿದವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಸಹಕಾರ ಸಾಲ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಎರಡೇ ವರ್ಷಗಳಲ್ಲಿ ಅವರು ಶಾಮರಾವ್ ವಿಠಲ ಸಹಕಾರಿ ಸಾಲ ಸಂಘವನ್ನು ಕಟ್ಟಿದರು. 1912ರ ಕಾಯಿದೆ ಸಾಲವಲ್ಲದೆ ಇತರ ಉದ್ದೇಶಗಳಿಗೂ ಸಹಕಾರ ಸಂಘ ರಚಿಸಲು ಅವಕಾಶ ಕೊಟ್ಟಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ಹುಟ್ಟಿತು. ಇದಕ್ಕೂ ಮೊದಲು, 1909ರಲ್ಲಿಯೇ, ಬೆಂಗಳೂರಿನಲ್ಲಿ ಗೃಹನಿರ್ಮಾಣ ಸಹಕಾರ ಸಂಘ ಆರಂಭವಾಗಿತ್ತು. ಆದರೆ ಒಂದೇ ಸೂರಿನಡಿ ಹಲವು ಸಂಸಾರ, ಎಲ್ಲರೂ ಸೇರಿ ಒಬ್ಬ ಮಾಲೀಕ ಎಂಬ ಮಾದರಿಯನ್ನು ಬೆಳೆಸಿದ ಕೀರ್ತಿ ಮುಂಬಯಿಯದು. ತಾಡದೇವದ ತಲ್ಮಕಿವಾಡಿ ಆ ಹಿರಿಯರ ಹೆಸರನ್ನು ಉಳಿಸಿಕೊಂಡಿದೆ.

ಈ ಮಾದರಿಯ ಕ್ರಮ ಸರಳ. ಸದಸ್ಯರ ಶೇರು ಹಣ ಮತ್ತು ಸಾಲದಿಂದ ಸಂಘ ಕಟ್ಟಡ ಕಟ್ಟುತ್ತದೆ. ಸದಸ್ಯ ಅದರಲ್ಲಿ ವಾಸಿಸುವ ಹಕ್ಕು ಪಡೆದು, ತಿಂಗಳು ತಿಂಗಳು ತನ್ನ ಪಾಲಿನ ಖರ್ಚು ಕೊಡುತ್ತಾನೆ. ಒಂದು ಅರ್ಥದಲ್ಲಿ ಆತ ಬಾಡಿಗೆದಾರ, ಇನ್ನೊಂದು ಅರ್ಥದಲ್ಲಿ ಮಾಲೀಕ. ಶೇರು ಎಷ್ಟೇ ಇರಲಿ, ಸಭೆಯಲ್ಲಿ ಒಬ್ಬನಿಗೆ ಒಂದೇ ಮತ. ಇಂಥ ವಾಸದ ಹಕ್ಕೂ ಆಸ್ತಿಯೇ, ಸಾಲ ವಸೂಲಿಗೆ ಅದನ್ನು ಜಫ್ತಿ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು.

ಇದರ ಲಾಭ ತಿಳಿಯಬೇಕಾದರೆ ಪಕ್ಕದ ಬಾಡಿಗೆ ಕಟ್ಟಡಗಳನ್ನು ನೋಡಬೇಕು. 1947ರ ಬಾಡಿಗೆ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರರಿಗೆ ರಕ್ಷಣೆ ಸಿಕ್ಕಿತು. ಆದರೆ ಬರುವ ಬಾಡಿಗೆ ಸುಣ್ಣಬಣ್ಣಕ್ಕೂ ಸಾಲದೆಂದು ಮಾಲೀಕರು ರಿಪೇರಿಯ ಕೈಬಿಟ್ಟರು. ಸಹಕಾರಿ ಕಟ್ಟಡದಲ್ಲಿ ಈ ನೆವ ಹೇಳುವಂತಿಲ್ಲ. ಛಾವಣಿ ಸೋರಿದರೆ ದೂರುವವರೂ ತಾವೇ, ದುಡ್ಡು ಕೊಡಬೇಕಾದವರೂ ತಾವೇ.

ಇನ್ನೊಂದು ಮುಖವೂ ಇದೆ. ನಂಬಿಕೆಯ ಬಲದಿಂದ ನಿಂತ ಸಂಘಗಳು ಜಾತಿ, ಮತಗಳ ಬೇಲಿಯೊಳಗೇ ಬೆಳೆದವು. ಪರಸ್ಪರ ಪರಿಚಯವಿದ್ದುದರಿಂದ ಹಣ ಕೂಡಿತು, ನಿಜ. ಆದರೆ ಅದೇ ಪರಿಚಯ ಹೊರಗಿನವರಿಗೆ ಬಾಗಿಲು ಮುಚ್ಚಿತು. ಅಹಮದಾಬಾದಿನ ಪಾರ್ಸಿ ವಸತಿ ಸಂಘವೊಂದು ತನ್ನವರಿಗಷ್ಟೇ ಸದಸ್ಯತ್ವ ಕೊಡುವ ನಿಯಮವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ನಗರ ಎಲ್ಲರದೂ ಆಗಿರುವಾಗ ಇದು ಸರಿಯೇ ಎಂಬ ಚರ್ಚೆ ತೀರ್ಪಿನೊಂದಿಗೆ ಮುಗಿಯಲಿಲ್ಲ.

ಹಳೆಯ ಕಟ್ಟಡಗಳ ಮುಂದಿರುವ ದೊಡ್ಡ ಪ್ರಶ್ನೆ ಮರುನಿರ್ಮಾಣದ್ದು. ನಾಲ್ಕು ಮಾಳಿಗೆ ಇದ್ದಲ್ಲಿ ಗಗನಚುಂಬಿ ಎಬ್ಬಿಸಲು ಬಿಲ್ಡರುಗಳು ಸಿದ್ಧರು. ಹಳೆಯ ಸದಸ್ಯರಿಗೆ ಇನ್ನಷ್ಟು ವಿಶಾಲವಾದ ಮನೆಯ ಆಸೆ. ಮಹಾರಾಷ್ಟ್ರ ಸರ್ಕಾರ 2019ರ ಜುಲೈಯಲ್ಲಿ ಹೊರಡಿಸಿದ ಆದೇಶವು ಒಟ್ಟು ಸದಸ್ಯರಲ್ಲಿ ಶೇ 51ರಷ್ಟು ಮಂದಿ ಒಪ್ಪಿದರೆ ಸಾಕೆಂದಿತು. ಅಂದರೆ ನೂರು ಮನೆಗಳಲ್ಲಿ ನಲವತ್ತೊಂಬತ್ತು ಮನೆಯವರು ಬೇಡವೆಂದರೂ ಕಟ್ಟಡ ನೆಲಕ್ಕುರುಳಬಹುದು. ಹೊಸ ಗೋಪುರದ ಲಿಫ್ಟು, ಕಾವಲು, ಪಂಪುಗಳ ಮಾಸಿಕ ಖರ್ಚು ಪಿಂಚಣಿಯಲ್ಲಿ ಬದುಕುವವರಿಗೆ ಭಾರವಾಗುವುದೂ ಉಂಟು.

ಒಬ್ಬನಿಗೆ ಒಂದೇ ಮತ ಎಂಬ ನಿಯಮವೇ ಬಡ ಗುಮಾಸ್ತನಿಗೆ ನಗರದ ನಡುವೆ ಮನೆ ಕೊಡಿಸಿತ್ತು. ಅವನ ಮೊಮ್ಮಕ್ಕಳು ಅಲ್ಲಿ ಉಳಿಯುವರೋ ಇಲ್ಲವೋ ಎಂಬುದನ್ನೂ ಅದೇ ಮತ ತೀರ್ಮಾನಿಸಬೇಕಾಗಿದೆ.