ಕಲ್ಲು ಗಾಳಿಯನ್ನು ನುಂಗುವ ಬಗೆ

ರೈತ ಬಾಂಧವರೇ, ವಿಜಯಪುರ, ಬೀದರಿನ ಕಡೆ ಬಾವಿ ತೋಡಿದವರು ನೋಡಿರುತ್ತೀರಿ: ಮೇಲೆ ಎರೆಮಣ್ಣು, ಅದರ ಕೆಳಗೆ ಕೈಯಲ್ಲೇ ಪುಡಿಯಾಗುವ ಕಲ್ಲು, ಇನ್ನೂ ಕೆಳಗೆ ಗಟ್ಟಿ ಕರಿಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿ ಹರಿದ ಲಾವಾರಸ ಆರಿ ಈ ಕಲ್ಲಾಯಿತು. ಅದನ್ನು ಮಣ್ಣು ಮಾಡಿದ್ದು ಮಳೆ.

ಬರೀ ನೀರಿಗೆ ಕಲ್ಲು ಕರಗೀತೇ ಅನ್ನಬೇಡಿ. ಸೋಡಾದಲ್ಲಿ ಗುಳ್ಳೆ ಏಳಿಸುತ್ತದಲ್ಲ, ಆ ಇಂಗಾಲಾಮ್ಲ ಅನಿಲ ಗಾಳಿಯಲ್ಲೂ ಇದೆ, ಬೇರುಗಳೂ ಅದನ್ನು ಬಿಡುತ್ತವೆ. ಅದನ್ನು ಹೀರಿದ ಮಳೆನೀರು ತುಸು ಹುಳಿಯಾಗುತ್ತದೆ. ಆ ಹುಳಿನೀರು ಕಲ್ಲಿನ ಸುಣ್ಣದಂಶವನ್ನು ಬಿಡಿಸಿಕೊಂಡು, ಅನಿಲವನ್ನೂ ಕಟ್ಟಿಕೊಂಡು, ಕೃಷ್ಣೆ ಗೋದಾವರಿಗಳಲ್ಲಿ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಕಡಲ ಜೀವಿಗಳು ಅದರಿಂದ ಚಿಪ್ಪು ಕಟ್ಟುತ್ತವೆ. ಸತ್ತವುಗಳ ಚಿಪ್ಪು ತಳದಲ್ಲಿ ಸುಣ್ಣಕಲ್ಲಾಗುತ್ತದೆ. ಅದು ಭೂಗರ್ಭಕ್ಕೆ ಜಾರಿ ಬೆಂದಾಗ ಜ್ವಾಲಾಮುಖಿಗಳು ಅನಿಲವನ್ನು ಮತ್ತೆ ಉಗುಳುತ್ತವೆ.

ಅನಿಲ ಹೆಚ್ಚಿದರೆ ಲೋಕಕ್ಕೆಲ್ಲ ಕಾವು ಹೆಚ್ಚು, ಮಳೆಯೂ ಹೆಚ್ಚು. ಕಲ್ಲು ಬೇಗ ಕರಗಿ ಅನಿಲ ಇಳಿಯುತ್ತದೆ. ತಣ್ಣಗಾದರೆ ಕರಗುವುದು ನಿಧಾನ, ಅನಿಲ ಮತ್ತೆ ಕೂಡುತ್ತದೆ. ಆದರೆ ಈ ಲೆಕ್ಕ ಸರಿಹೋಗಲು ಲಕ್ಷಾಂತರ ವರ್ಷ ಬೇಕು. ನಾವೋ ಕಲ್ಲಿದ್ದಲು, ಎಣ್ಣೆ ಸುಟ್ಟು, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಇದ್ದ ಈ ಅನಿಲವನ್ನು ಇನ್ನೂರೈವತ್ತು ವರ್ಷದಲ್ಲೇ 420 ದಾಟಿಸಿದ್ದೇವೆ. ಕರಿಕಲ್ಲಿನ ಪುಡಿಯನ್ನು ಹೊಲಕ್ಕೆ ಹಾಕಿ ಕೆಲಸ ಚುರುಕು ಮಾಡುವ ಪ್ರಯೋಗಗಳೇನೋ ನಡೆದಿವೆ. ಕಲ್ಲು ಅರೆಯಲು, ಸಾಗಿಸಲು ಸುಡುವ ಎಣ್ಣೆಯನ್ನೂ ಅದರಲ್ಲಿ ಕಳೆದು ನೋಡಬೇಕು.