ರಾತ್ರಿ ಲೈಟು ಬಿಟ್ಟು ನರಿಗೆ ಗುಂಡು: ಆ ವಿಡಿಯೋ ನಮ್ಮೂರಿಗೆ ಹೊಂದುತ್ತದೆಯೇ?

ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಆ ವಿಡಿಯೋವನ್ನು ನೀವೂ ನೋಡಿರಬಹುದು. ಯಾವುದೋ ಹೊರದೇಶದ ಹುಲ್ಲುಗಾವಲು, ಕತ್ತಲು, ಜೀಪಿನ ಮೇಲೆ ನಿಂತ ಒಬ್ಬಾತ. ಕೈಯಲ್ಲಿ ರೈಫಲ್, ಪಕ್ಕದವನ ಕೈಯಲ್ಲಿ ದೊಡ್ಡ ಲೈಟು. ದೂರದಲ್ಲಿ ಎರಡು ಕಣ್ಣು ಮಿಂಚುತ್ತವೆ, ಗುಂಡು ಹಾರುತ್ತದೆ, ಮಿಂಚು ಆರಿಹೋಗುತ್ತದೆ. ಕೆಳಗೆ ಕನ್ನಡದಲ್ಲಿ ಒಂದು ಸಾಲು: 'ನರಿ ಕಾಟಕ್ಕೆ ಇದೇ ಮದ್ದು, ಬೆಳೆ ರಕ್ಷಣೆ ಬಂದೂಕು ಇರುವ ರೈತರು ಧೈರ್ಯವಾಗಿ ಹೊಡೆಯಬಹುದು, ಎಲ್ಲರಿಗೂ ಶೇರ್ ಮಾಡಿ.'

ಇದನ್ನು ನಮಗೆ ಕಳಿಸಿದ್ದು ಹುಳಿಯಾರು ಹತ್ತಿರದ ಕೆಂಕೆರೆಯ ಓದುಗರೊಬ್ಬರು. ಜೊತೆಗೊಂದು ವಾಯ್ಸ್ ಮೆಸೇಜ್: "ಮೂರು ದಿನದಲ್ಲಿ ಆರು ಕೋಳಿ ಹೊತ್ಕೊಂಡೋಗೈತೆ ಸಾರ್. ನಮ್ಮ ಭಾವನ ಹೆಸರಲ್ಲಿ ಲೈಸೆನ್ಸ್ ಬಂದೂಕು ಐತೆ. ಹೊಡೀಬೋದಾ, ಬ್ಯಾಡ್ವಾ? ಅಷ್ಟು ಹೇಳ್ಬಿಡಿ."

ಬೇಡ. ಹೊಡೆದರೆ ಭಾವ ಕನಿಷ್ಠ ಮೂರು ವರ್ಷ ಜೈಲು ಸೇರುವ ಅಪರಾಧ ಅದು ಎಂದು ಅವರಿಗೆ ಅಂದೇ ತಿಳಿಸಿದೆವು. ಆದರೆ ಆರು ಕೋಳಿ ಹೋದ ಮನೆಯವರಿಗೆ 'ಬೇಡ' ಎಂದಷ್ಟೇ ಹೇಳಿ ಸುಮ್ಮನಾಗುವುದು ಸರಿಯಲ್ಲ. ಹಾಗಾಗಿ ಈ ಲೇಖನ.

ನರಿ ಯಾವುದು, ಕಂಕನರಿ ಯಾವುದು?

ವಿಡಿಯೋದಲ್ಲಿರುವುದು ಯುರೋಪಿನ ಕೆಂಪು ನರಿ. ಅದು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಲ್ಲ. ನಮ್ಮಲ್ಲಿ ಎರಡು ಪ್ರಾಣಿಗಳಿವೆ, ಎರಡಕ್ಕೂ ಜನ 'ನರಿ' ಅಂತಲೇ ಕರೆಯುತ್ತಾರೆ. ಸಂಜೆ ಹೊತ್ತು ಕೆರೆ ಅಂಗಳದ ಕಡೆಯಿಂದ ಗುಂಪಾಗಿ ಊಳಿಡುವುದು ದೊಡ್ಡ ನರಿ. ಸುಮಾರು ಎಂಟು-ಹತ್ತು ಕೆ.ಜಿ. ತೂಗುತ್ತದೆ, ಬೀದಿನಾಯಿಯ ಮೈಕಟ್ಟು. ಇನ್ನೊಂದು ಕಂಕನರಿ. ಎರಡು-ಮೂರು ಕೆ.ಜಿ. ತೂಕ, ಬೆಕ್ಕಿಗಿಂತ ತುಸು ದೊಡ್ಡದು, ಪೊದೆಯಂಥ ಬಾಲ, ಬಾಲದ ತುದಿ ಕಪ್ಪು. ಬಯಲಿನಲ್ಲಿ ಹಲವು ಬಾಯಿಗಳಿರುವ ಬಿಲ ತೋಡಿಕೊಂಡು ಬದುಕುತ್ತದೆ. 'ಗುಳ್ಳೆನರಿ' ಎಂಬ ಹೆಸರನ್ನು ಕೆಲವು ಕಡೆ ಇದಕ್ಕೆ, ಕೆಲವು ಕಡೆ ಅದಕ್ಕೆ ಹೇಳುವುದರಿಂದ ಗೊಂದಲ ಇನ್ನೂ ಹೆಚ್ಚು.

ಕಂಕನರಿಯ ಊಟದಲ್ಲಿ ದೊಡ್ಡ ಪಾಲು ಗೆದ್ದಲು, ಮಿಡತೆ, ಜೀರುಂಡೆ, ಇಲಿ, ಏಡಿ, ಎಲಚಿ ಹಣ್ಣು. ದೊಡ್ಡ ನರಿ ಸಿಕ್ಕಿದ್ದೆಲ್ಲ ತಿನ್ನುತ್ತದೆ. ಇಲಿ, ಮೊಲ, ಸತ್ತ ದನ, ಕಲ್ಲಂಗಡಿ, ಕಬ್ಬು, ಹೊಲದ ಜೋಳ, ಅವಕಾಶ ಸಿಕ್ಕರೆ ಕೋಳಿ, ಕುರಿಮರಿ. ಬೇಸಿಗೆಯಲ್ಲಿ ನೀರಿಗಾಗಿ ಡ್ರಿಪ್ ಪೈಪು ಕಚ್ಚುವುದೂ ಉಂಟು. ನಷ್ಟವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ತೆಂಗಿನ ತೋಟದ ಲೆಕ್ಕ ಹಿಡಿದರೆ ನರಿಯ ಹೆಸರು ತೀರಾ ಕೆಳಗೆ ಬರುತ್ತದೆ. ಸಸಿ ಕೀಳುವುದು ಕಾಡುಹಂದಿ, ಬುಡ ಕೆರೆಯುವುದು ಮುಳ್ಳುಹಂದಿ, ಎಳನೀರು ಉದುರಿಸುವುದು ಕೋತಿ ಮತ್ತು ಇಲಿ.

ಇಲಿಯ ವಿಚಾರದಲ್ಲಿ ಇನ್ನೊಂದು ಫಾರ್ವರ್ಡ್ ಓಡಾಡುತ್ತದೆ: 'ನರಿ ಉಳಿದರೆ ತೆಂಗಿನ ಇಲಿ ಕಾಟ ತೀರುತ್ತದೆ.' ಇದೂ ಅರ್ಧ ಸತ್ಯ. ರಾಗಿ, ಕಡಲೆಕಾಯಿ ಹೊಲದ ಬಿಲದ ಇಲಿಯನ್ನು ನರಿ ಹಿಡಿಯುತ್ತದೆ, ಅದು ನಿಜ. ಮರದ ಗರಿಯಲ್ಲಿ ಗೂಡು ಕಟ್ಟಿ ಎಳೆಕಾಯಿ ಕೊರೆಯುವ ಇಲಿಯನ್ನು ನರಿ ಹಿಡಿಯಲಾರದು. ನರಿಗೆ ತೆಂಗಿನ ಮರ ಹತ್ತಲು ಬರುವುದಿಲ್ಲ.

ಲೈಟು ಬಿಟ್ಟರೆ ಮಿಂಚುವುದು ಯಾರ ಕಣ್ಣು?

ಈ ವಿಡಿಯೋದ ನಿಜವಾದ ಅಪಾಯ ಇರುವುದು ಇಲ್ಲಿ. ರಾತ್ರಿ ಓಡಾಡುವ ಹಲವು ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇರುತ್ತದೆ. ವಿಜ್ಞಾನದಲ್ಲಿ ಅದನ್ನು ಟಪೀಟಮ್ ಲೂಸಿಡಮ್ ಎನ್ನುತ್ತಾರೆ. ಒಳಗೆ ಬಂದ ಬೆಳಕನ್ನು ಅದು ಮತ್ತೊಮ್ಮೆ ಕಣ್ಣಿನ ಪರದೆಯ ಮೇಲೆ ಹಾಯಿಸುತ್ತದೆ, ಹಾಗಾಗಿ ಮಬ್ಬಿನಲ್ಲೂ ಪ್ರಾಣಿಗೆ ಕಾಣುತ್ತದೆ. ನಾವು ಟಾರ್ಚ್ ಬಿಟ್ಟಾಗ ಹಿಂದಿರುಗಿ ಬರುವ ಬೆಳಕೇ ನಮಗೆ ಮಿಂಚಾಗಿ ಕಾಣುವುದು.

ಈ ಪದರ ನರಿಗೆ ಮಾತ್ರ ಇಲ್ಲ. ನಾಯಿ, ಬೆಕ್ಕು, ಹಸು, ಎಮ್ಮೆ, ಕುರಿ, ಮೇಕೆ, ಪುನುಗು, ಚಿರತೆ, ಕರಡಿ ಎಲ್ಲಕ್ಕೂ ಇದೆ. ಹುಲ್ಲಿನ ಮೇಲೆ ಕೂತ ಕೆಲವು ಜೇಡಗಳ ಕಣ್ಣೂ ಚುಕ್ಕಿಯ ಹಾಗೆ ಹೊಳೆಯುತ್ತದೆ. ಬೇಕಿದ್ದರೆ ಇಂದು ರಾತ್ರಿ ಹಣೆಯ ಹತ್ತಿರ ಟಾರ್ಚ್ ಹಿಡಿದು ನಿಮ್ಮ ಕೊಟ್ಟಿಗೆಯ ಕಡೆಗೇ ಬಿಟ್ಟು ನೋಡಿ. 'ಕೆಂಪಗೆ ಹೊಳೆದರೆ ಇಂಥದ್ದು, ಹಸಿರಾಗಿ ಹೊಳೆದರೆ ಇಂಥದ್ದು' ಎಂಬ ಲೆಕ್ಕವನ್ನೂ ನಂಬಬೇಡಿ. ಬೆಳಕು ಬೀಳುವ ಕೋನ, ದೂರ, ಪ್ರಾಣಿಯ ವಯಸ್ಸು ಬದಲಾದರೆ ಬಣ್ಣವೂ ಬದಲಾಗುತ್ತದೆ.

ಇನ್ನೊಂದು ತಮಾಷೆ ಎಂದರೆ, ಈ ಪದರ ಹಂದಿಗೆ ಇಲ್ಲ. ಅಂದರೆ ನಮ್ಮ ರೈತರ ಬೆಳೆಗೆ ನಿಜಕ್ಕೂ ಕೈ ಹಾಕುವ ಕಾಡುಹಂದಿಯ ಕಣ್ಣು ಲೈಟಿಗೆ ಹೀಗೆ ಮಿಂಚುವುದೇ ಇಲ್ಲ. ಕೋತಿಯದ್ದೂ ಅಷ್ಟೇ.

ಮನುಷ್ಯರಿಗೂ ಈ ಪದರ ಇಲ್ಲ. ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮ ಸೀಮೆಯಲ್ಲಿ ರಾತ್ರಿ ತೋಟದಲ್ಲಿ ಯಾರು ಇರುತ್ತಾರೆ? ತ್ರೀ ಫೇಸ್ ಕರೆಂಟು ಬರುವುದು ಎಷ್ಟೋ ದಿನ ರಾತ್ರಿ ಪಾಳಿಯಲ್ಲಿ. ಹನ್ನೆರಡು ಗಂಟೆಗೋ ಎರಡು ಗಂಟೆಗೋ ಎದ್ದು ಮೋಟಾರ್ ಹಾಕಲು, ಗೇಟ್ ವಾಲ್ವ್ ತಿರುಗಿಸಲು ಒಬ್ಬರಾದರೂ ತೋಟಕ್ಕೆ ಹೋಗಿರುತ್ತಾರೆ. ಬೇಲಿಯಾಚೆ ಕುರಿ ಮಂದೆ ತಂಗಿರುತ್ತದೆ, ಕುರಿಗಾಹಿ ಕಂಬಳಿ ಹೊದ್ದು ನೆಲದ ಮೇಲೆ ಮಲಗಿರುತ್ತಾನೆ. ನೂರು-ಇನ್ನೂರು ಮಾರಿಗೊಂದು ತೋಟದ ಮನೆ. ಬೆಳಕಿನಲ್ಲಿ ನಿಮಗೆ ಕಾಣುವುದು ನಾಯಿಯ ಎರಡು ಕಣ್ಣು ಮಾತ್ರ. ಆ ನಾಯಿಯ ಪಕ್ಕ ನಿಂತವರ ಕಣ್ಣು ಮಿಂಚುವುದಿಲ್ಲ.

ಗುಂಡು ನರಿಗೆ ತಗುಲದಿದ್ದರೆ ಅಲ್ಲಿಗೇ ನಿಲ್ಲುವುದೂ ಇಲ್ಲ. ತೀರಾ ಚಿಕ್ಕದೆನಿಸುವ ಪಾಯಿಂಟ್ ಟೂಟೂ ರೈಫಲಿನ ಗುಂಡು ಕೂಡ ಒಂದೂವರೆ ಕಿಲೋಮೀಟರಿನಷ್ಟು ದೂರ ಹೋಗಬಲ್ಲದು. ವಿಡಿಯೋದಲ್ಲಿರುವಂಥ ದೊಡ್ಡ ರೈಫಲಿನದು ಇನ್ನೂ ಎಷ್ಟೋ ದೂರ. ಆ ದೇಶಗಳಲ್ಲಿ ಲೈಟು ಹಿಡಿದು ಹೊಡೆಯುವವರಿಗೆ ಕಲಿಸುವ ಮೊದಲ ಪಾಠವೇ, ಗುರಿಯ ಹಿಂದೆ ಗುಂಡನ್ನು ಹೀರಿಕೊಳ್ಳುವ ಮಣ್ಣಿನ ದಿಬ್ಬ ಕಾಣದೆ ಗುಂಡು ಹಾರಿಸಬೇಡಿ ಎಂಬುದು. ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಆ ಭಾಗ ಇರುವುದಿಲ್ಲ.

ಅಲ್ಲಿ ಸರಿಯಾದದ್ದು ಇಲ್ಲಿ ಯಾಕೆ ತಪ್ಪು?

ಬ್ರಿಟನ್ನಿನಲ್ಲಿ ಕೆಂಪು ನರಿ ಸಂರಕ್ಷಿತ ಪ್ರಾಣಿಯಲ್ಲ. ಜಮೀನಿನವರ ಒಪ್ಪಿಗೆ ಮತ್ತು ಬಂದೂಕಿನ ಪರವಾನಗಿ ಇದ್ದರೆ ರಾತ್ರಿ ಲೈಟು ಬಿಟ್ಟು ಹೊಡೆಯುವುದು ಅಲ್ಲಿ ಕಾನೂನುಬದ್ಧ. ಬಯಲಿನಲ್ಲೇ ಮರಿ ಹಾಕುವ ಕುರಿಗಳ ದೊಡ್ಡ ಮಂದೆಗಳಿವೆ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳನ್ನು ಸಾಕುವ ಎಸ್ಟೇಟುಗಳಿವೆ. ಆಸ್ಟ್ರೇಲಿಯಾದ ಕಥೆ ಬೇರೆ. ಅಲ್ಲಿ ನರಿ ಇರಲೇ ಇಲ್ಲ, 19ನೇ ಶತಮಾನದಲ್ಲಿ ಬಿಳಿಯರು ಬೇಟೆಯ ಮೋಜಿಗೆ ತಂದು ಬಿಟ್ಟರು. ಅದು ಅಲ್ಲಿನ ಸಣ್ಣ ಪ್ರಾಣಿಗಳನ್ನೇ ಮುಗಿಸುತ್ತಾ ಬಂತು. ಅವರ ಪಾಲಿಗೆ ಅದು ಹೊರಗಿನಿಂದ ಬಂದ ಪಿಡುಗು. ನಮ್ಮ ನರಿ, ಕಂಕನರಿ ಇಲ್ಲಿಯವೇ.

ಅಲ್ಲಾದರೂ ಹೊಡೆದರೆ ಕಡಿಮೆಯಾಗುತ್ತದೆಯೇ? ಒಂದೇ ಪ್ರದೇಶದಲ್ಲಿ ವರ್ಷ ವರ್ಷವೂ ಬಿಡದೆ ಹೊಡೆದರೆ ಅಷ್ಟು ಜಾಗದಲ್ಲಿ ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಒಂದೆರಡನ್ನು ಹೊಡೆದು ಸುಮ್ಮನಾದರೆ ಮಾತ್ರ ಖಾಲಿಯಾದ ಜಾಗಕ್ಕೆ ಪಕ್ಕದ ನರಿ ಬಂದು ಸೇರುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹರಡಿದಾಗ ನಾಯಿ ಬಿಟ್ಟು ನರಿ ಬೇಟೆಯಾಡುವುದನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಬೇಟೆ ನಿಂತರೂ ನರಿಗಳ ಸಂಖ್ಯೆ ಗಮನಾರ್ಹವಾಗಿ ಏರಲಿಲ್ಲ ಎಂದು ಮರುವರ್ಷ 'ನೇಚರ್' ಪತ್ರಿಕೆಯಲ್ಲಿ ಸಂಶೋಧಕರು ವರದಿ ಮಾಡಿದರು. ಅದು ಬಂದೂಕಿನ ಲೆಕ್ಕವಲ್ಲ, ನಾಯಿ ಬೇಟೆಯ ಲೆಕ್ಕ. ಆದರೂ ಕೊಂದಷ್ಟೂ ಕಡಿಮೆಯಾಗುತ್ತವೆ ಎಂಬ ಸರಳ ಗಣಿತ ನರಿಯ ವಿಷಯದಲ್ಲಿ ನಡೆಯುವುದಿಲ್ಲ ಎಂದು ಅದರಿಂದ ಗೊತ್ತಾಯಿತು.

ಈಗ ನಮ್ಮ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಬೇಟೆಯಲ್ಲ, ವಿಷ ಇಡುವುದು, ಉರುಳು ಹಾಕುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಗುರಿ ತಪ್ಪಿತು, ನರಿ ಓಡಿಹೋಯಿತು ಎಂದರೂ ಅಪರಾಧ ಆಗಿಹೋಗಿರುತ್ತದೆ. ಸ್ವಂತ ಪಟ್ಟಾ ಜಮೀನು ಎಂಬುದೂ ಇಲ್ಲಿ ಲೆಕ್ಕಕ್ಕಿಲ್ಲ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ನರಿ ಮೊದಲನೇ ಅನುಸೂಚಿಯಲ್ಲಿದೆ, ಹುಲಿ, ಚಿರತೆ ಇರುವ ಪಟ್ಟಿಯಲ್ಲೇ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಅಪರಾಧಕ್ಕೆ ಬಳಸಿದ ಬಂದೂಕಿನ ಲೈಸೆನ್ಸ್ ರದ್ದು ಮಾಡಿ, ಐದು ವರ್ಷ ಹೊಸ ಲೈಸೆನ್ಸ್ ಸಿಗದಂತೆ ಮಾಡುವ ಅಧಿಕಾರವೂ ನ್ಯಾಯಾಲಯಕ್ಕಿದೆ.

'ಬೆಳೆ ರಕ್ಷಣೆ ಬಂದೂಕು' ಎಂಬ ಹೆಸರಿನಲ್ಲೇ ಗೊಂದಲ ಇದೆ. ಆ ಲೈಸೆನ್ಸ್ ಕೊಡುವುದು ಶಸ್ತ್ರಾಸ್ತ್ರ ಕಾಯ್ದೆಯಡಿ. ಬಂದೂಕು ಇಟ್ಟುಕೊಳ್ಳಲು ಅದು ಅನುಮತಿ, ವನ್ಯಜೀವಿಯನ್ನು ಕೊಲ್ಲಲು ಅಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸೇ ಬೇಡ ಎಂಬ ವಿನಾಯಿತಿ ಇದೆ, ಆದರೆ ಅವರಿಗೂ ಬೇಟೆ ನಿಷಿದ್ಧವೇ. ಬೆಳೆ ಹಾಳುಮಾಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶದ ಮೂಲಕ ಅನುಮತಿ ಕೊಡಬಹುದು. ಮೊದಲನೇ ಅನುಸೂಚಿಯ ಪ್ರಾಣಿಗೆ ಅಂಥ ಅನುಮತಿ ಸಿಗಬೇಕಾದರೆ ಅದು ಮನುಷ್ಯರ ಜೀವಕ್ಕೇ ಅಪಾಯಕಾರಿಯಾಗಿರಬೇಕು, ಇಲ್ಲವೇ ಗುಣವಾಗದ ಗಾಯ, ಕಾಯಿಲೆಯಿಂದ ಬಳಲುತ್ತಿರಬೇಕು. ಕೋಳಿ ಹೋಯಿತು ಎಂಬುದು ಸಾಲದು. ಮೈಮೇಲೆ ಬಿದ್ದ ಪ್ರಾಣಿಯಿಂದ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಬೇಟೆಗೆ ಹೊರಟವರಿಗೆ ಮಾತ್ರ ಆ ರಕ್ಷಣೆ ಇಲ್ಲ.

ಬಂದೂಕು ಬೇಡ ಎಂದಾಕ್ಷಣ ಕೆಲವರು ಸಿಡಿಮದ್ದಿನ ಉಂಡೆ, ಉರುಳು, ಬೇಲಿಗೆ ನೇರ ಕರೆಂಟು ಎನ್ನುತ್ತಾರೆ. ಇವು ಇನ್ನೂ ಕೆಟ್ಟವು. ಸಿಡಿಮದ್ದು ಕಚ್ಚಿ ಬಾಯಿ ಒಡೆದುಕೊಳ್ಳುವುದು ಎಷ್ಟೋ ಸಲ ಮೇಯಲು ಬಿಟ್ಟ ಹಸು. ಲೈನಿನಿಂದ ನೇರ ಎಳೆದ ತಂತಿಗೆ ಮನೆಯವರೇ ಬಲಿಯಾಗುತ್ತಾರೆ. ಸೋಲಾರ್ ಬೇಲಿಯ ಯಂತ್ರ ಕೊಡುವುದು ಕ್ಷಣ ಮಾತ್ರದ ಮಿಡಿತ, ಹೊಡೆತಕ್ಕೆ ಪ್ರಾಣಿ ಹಿಂದೆ ಸರಿಯುತ್ತದೆ. ಮೇನ್ ಲೈನಿನ ತಂತಿಯಲ್ಲಿ ಕರೆಂಟು ಬಿಡುವುದೇ ಇಲ್ಲ. ಎರಡನ್ನೂ 'ಕರೆಂಟ್ ಬೇಲಿ' ಎಂದು ಕರೆಯುವುದರಿಂದಲೇ ಎಷ್ಟೋ ಜನ ಮೋಸ ಹೋಗಿದ್ದಾರೆ.

ನರಿಕೊಂಬಿನ ಕಥೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತೇವೆ. ನರಿಗೆ ಕೊಂಬು ಇರುವುದಿಲ್ಲ. ಅದೃಷ್ಟಕ್ಕೆಂದು ಮಾರುವ ಆ ತುಂಡು ಮೂಳೆ ಮತ್ತು ಕೂದಲು ಅಂಟಿಸಿದ ಚರ್ಮ. ಇಟ್ಟುಕೊಂಡವರ ಮೇಲೂ ಕೇಸು ಬೀಳಬಹುದು.

ಹಾಗಾದರೆ ಕೋಳಿ ಉಳಿಸುವುದು ಹೇಗೆ?

ಕೆಂಕೆರೆಯವರನ್ನು ನಾವು ಮೊದಲು ಕೇಳಿದ್ದು, ಕೋಳಿ ಹೊತ್ತದ್ದು ನರಿಯೇ ಎಂದು ಹೇಗೆ ಗೊತ್ತಾಯಿತು ಎಂದು. ಅವರು ಕಣ್ಣಾರೆ ಕಂಡಿರಲಿಲ್ಲ, ರಾತ್ರಿ ಊಳು ಕೇಳಿಸಿತ್ತು. ಕೋಳಿಗೆ ಕಾಡುಬೆಕ್ಕು, ಪುನುಗು, ಮುಂಗುಸಿ, ಬೀದಿನಾಯಿ ಎಲ್ಲವೂ ಬರುತ್ತವೆ. ಒಂದೇ ರಾತ್ರಿ ಹಲವು ಕೋಳಿ ಅಥವಾ ಕುರಿ ಕಚ್ಚಿಸಿಕೊಂಡು ಅಲ್ಲೇ ಸತ್ತು ಬಿದ್ದಿದ್ದರೆ ಮೊದಲು ನಾಯಿಗಳನ್ನು ಅನುಮಾನಿಸಿ. ಹೆಜ್ಜೆ ಗುರುತು ನೋಡಿ ನಿರ್ಧರಿಸುವುದು ಕಷ್ಟ, ನಾಯಿಯದ್ದೂ ನರಿಯದ್ದೂ ಒಂದೇ ಥರ ಕಾಣುತ್ತವೆ. ಮದಲಿಂಗನ ಕಣಿವೆ ಕಡೆಯ ಗುಡ್ಡಗಳ ಅಂಚಿನವರು ಚಿರತೆ, ಕರಡಿಯನ್ನೂ ಮರೆಯಬಾರದು. 2019-20ರಲ್ಲಿ ತುಮಕೂರು ಜಿಲ್ಲೆಯಲ್ಲೇ ಚಿರತೆ ದಾಳಿಗೆ ಜನ ಸತ್ತಿದ್ದಾರೆ. ಗಾಯಗೊಂಡ ಚಿರತೆಯನ್ನು ಹುಡುಕಿಕೊಂಡು ಲೈಟು ಹಿಡಿದು ಹೋಗುವ ಪರಿಸ್ಥಿತಿ ಯಾರಿಗೂ ಬರಬಾರದು.

ಕೋಳಿಗೂಡಿನ ಕೆಲಸ ದೊಡ್ಡದೇನಲ್ಲ. ನರಿ ನೆಲ ಬಗೆದು ಒಳಗೆ ನುಗ್ಗುತ್ತದೆ, ಹಾಗಾಗಿ ಮೆಶ್ಶನ್ನು ನೆಲದೊಳಗೆ ಒಂದಡಿ ಇಳಿಸಬೇಕು ಅಥವಾ ಸುತ್ತಲೂ ಚಪ್ಪಡಿ ಹಾಸಬೇಕು. ಬಾಗಿಲಿಗೆ ಹಗ್ಗ ಸಾಲದು, ಚಿಲಕ ಬೇಕು. ಕತ್ತಲಾಗುವ ಮುಂಚೆಯೇ ಕೂಡಬೇಕು, ಮರದ ಮೇಲೆ ಮಲಗುವ ಅಭ್ಯಾಸದ ಕೋಳಿಯನ್ನೂ. ಕುರಿಮರಿಗಳನ್ನು ರೊಪ್ಪದ ಮಧ್ಯದಲ್ಲಿ ಬುಟ್ಟಿ ಅಥವಾ ಬಲೆಯೊಳಗೆ ಇರಿಸುವ ನಮ್ಮ ಕುರಿಗಾಹಿಗಳ ಹಳೆಯ ಪದ್ಧತಿ ಈಗಲೂ ಕೆಲಸ ಮಾಡುತ್ತದೆ. ಸತ್ತ ದನ, ಸತ್ತ ಕೋಳಿ, ಕೋಳಿ ಅಂಗಡಿಯ ತ್ಯಾಜ್ಯವನ್ನು ಕೆರೆ ಏರಿ ಪಕ್ಕ ಎಸೆಯುವುದು ನಿಲ್ಲದೆ ಇದಾವುದೂ ಪೂರ್ತಿ ಫಲ ಕೊಡುವುದಿಲ್ಲ. ನರಿಯನ್ನು ಊರ ಹತ್ತಿರ ಕರೆಯುವುದು ಆ ರಾಶಿಯೇ. ಅದರ ಹಿಂದೆ ನಾಯಿ, ನಾಯಿಯ ಹಿಂದೆ ಚಿರತೆ.

ಹಗಲಲ್ಲೇ ಹೆದರದೆ ಊರೊಳಗೆ ನುಗ್ಗಿ ಕಂಡಕಂಡವರನ್ನು ಕಚ್ಚುವ ನರಿಗೆ ರೇಬೀಸ್ ಇರುವ ಸಾಧ್ಯತೆ ಇದೆ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ಅಂಥ ನರಿ, ಇಲ್ಲವೇ ಚಿರತೆ, ಕರಡಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಊರು, ಹೋಬಳಿ, ತಾಲ್ಲೂಕಿನ ಹೆಸರು ಹೇಳಿ. ನಷ್ಟವಾಗಿದ್ದರೆ ಸತ್ತ ಕುರಿಯನ್ನು ಹೂಳುವ ಮುಂಚೆ ಫೋಟೋ ತೆಗೆದು, ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ, ಪರಿಹಾರಕ್ಕೆ ಅವಕಾಶ ಇದೆಯೇ ಎಂದು ವಿಚಾರಿಸಿ. ಹೂತ ಮೇಲೆ ಮಹಜರಿಗೆ ಏನೂ ಉಳಿಯುವುದಿಲ್ಲ.

ಕೆಂಕೆರೆಯವರು ಎರಡು ದಿನ ಬಿಟ್ಟು ಗೂಡಿನ ಫೋಟೋ ಕಳಿಸಿದರು. ಹಿಂಬದಿಯ ಮೆಶ್ಶಿನ ಕೆಳಗೆ ಬಗೆದ ಒಂದು ಕುಳಿ, ಅದರ ಮೇಲೆ ಈಗ ಎರಡು ಚಪ್ಪಡಿ ಕಲ್ಲು. "ಭಾವನಿಗೂ ಹೇಳಿದೀನಿ ಸಾರ್, ಗ್ರೂಪಿನಲ್ಲಿ ಆ ವಿಡಿಯೋ ಡಿಲೀಟ್ ಮಾಡ್ಸಿದೀನಿ" ಎಂದರು. ಆದರೆ ಅಷ್ಟರಲ್ಲಿ ಅದು ಇನ್ನೂ ನಾಲ್ಕು ಗ್ರೂಪಿಗೆ ಹೋಗಿತ್ತಂತೆ.